ಪೆಲ್ಲಾಗ್ರದ ಬೆನ್ನು ಹತ್ತಿದ ಡಾ. ಗೋಲ್ಡ್‌ಬರ್ಗರ್

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ ನಾನು ನಕ್ಕುಬಿಟ್ಟೆ. ಜೀವನವಿಡೀ ಆರೋಗ್ಯ ಇಲಾಖೆಯಲ್ಲಿ ಸಹಾಯಕಿಯಾಗಿ ಹಳ್ಳಿ ಹಳ್ಳಿ ತಿರುಗಿ ಮಕ್ಕಳಿಗೆ ಚುಚ್ಚುಮದ್ದು ಹಾಕಿದವಳು ನಾನು. ರಿಜಿಸ್ಟರು ಬರೆದು ರೂಢಿ, ಲೇಖನ ಬರೆದು ರೂಢಿಯಿಲ್ಲ. ಆದರೆ ಈ ಶಾಲೆಯ ಮೊದಲ ವರ್ಷಗಳ ವಿದ್ಯಾರ್ಥಿನಿ ಎಂಬ ಹೆಮ್ಮೆಯೂ ಇದೆ, ಶಾಲೆಗೆ ತೀರಿಸಬೇಕಾದ ಒಂದು ಹಳೆಯ ಬಾಕಿಯೂ ಇದೆ. ಆ ಬಾಕಿಯ ನೆಪದಲ್ಲಿ, ತೀರಿಹೋಗಿ ತೊಂಬತ್ತು ವರ್ಷಗಳಿಗೂ ಮೇಲಾದ ಒಬ್ಬ ವೈದ್ಯರ ಕಥೆಯನ್ನು ಹೇಳುತ್ತೇನೆ.

ಆಗ ನಮ್ಮ ಶಾಲೆಗೆ ಎರಡೇ ಕೋಣೆ. ವಿಜ್ಞಾನದ ಗುರುಗಳು ಕರಿಹಲಗೆಯ ಮೇಲೆ ಜೀವಸತ್ವಗಳ ಒಂದು ಕೋಷ್ಟಕ ಬರೆಸಿದ್ದರು. ಒಂದು ಸಾಲಿನಲ್ಲಿ ಜೀವಸತ್ವ, ಪಕ್ಕದಲ್ಲಿ ಆಹಾರ, ಅದರ ಪಕ್ಕದಲ್ಲಿ ಕೊರತೆಯ ರೋಗ. ಇರುಳುಗುರುಡು, ಬೆರಿಬೆರಿ, ಸ್ಕರ್ವಿ, ರಿಕೆಟ್ಸ್, ಪೆಲ್ಲಾಗ್ರ. ನಾನು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆದುಕೊಂಡೆ. ಅದೇ ವರ್ಷ ನಮ್ಮ ಓಣಿಯಲ್ಲಿ, ನಾವೆಲ್ಲ ಚಿಗವ್ವ ಎಂದು ಕರೆಯುತ್ತಿದ್ದ ಒಬ್ಬ ಕೂಲಿ ಹೆಣ್ಣುಮಗಳಿಗೆ ಕೈ, ಕಾಲು, ಕುತ್ತಿಗೆಯ ಸುತ್ತ ಚರ್ಮ ಸುಟ್ಟಂತೆ ಕಪ್ಪಾಗಿ ಸುಲಿಯುತ್ತಿತ್ತು. ನಾಲಿಗೆ ಕೆಂಪಾಗಿ ಉರಿ, ಜೊತೆಗೆ ಭೇದಿ. ಕೊನೆಕೊನೆಗೆ ಏನು ಮಾತಾಡುತ್ತಿದ್ದಾಳೆಂಬುದೇ ತಿಳಿಯದಂತಾಯಿತು. ಅಂಟುಜಾಡ್ಯ ಎಂದು ಓಣಿಯವರು ಆಕೆಯನ್ನು ಬಾವಿಕಟ್ಟೆಗೆ ಬಿಡಲಿಲ್ಲ. ಆಕೆಯ ಕೊಡ ಮುಟ್ಟಬೇಡ ಎಂದು ನನಗೂ ಮನೆಯಲ್ಲಿ ಹೇಳಿದ್ದರು. ನಾನು ಮುಟ್ಟಲಿಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ಆಕೆ ಇರಲಿಲ್ಲ.

ಕೆಲವು ವರ್ಷಗಳ ನಂತರ ತರಬೇತಿ ಕೇಂದ್ರದಲ್ಲಿ ನಮ್ಮ ಪಾಠದ ಮೇಡಂ ಪೆಲ್ಲಾಗ್ರದ ಒಂದು ಚಿತ್ರ ತೋರಿಸಿದರು. ಕುತ್ತಿಗೆಗೆ ಸರ ಹಾಕಿದಂತೆ ಕಾಣುವ ಆ ಕಪ್ಪು ಪಟ್ಟಿಯನ್ನು ನೋಡಿ ನನ್ನ ಕೈಯಲ್ಲಿದ್ದ ಪೆನ್ನು ನಿಂತುಹೋಯಿತು. ಅಂದೇ ಅವರು ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಅವರ ಹೆಸರು ಹೇಳಿದರು. ಮುಂದೆ ಸಿಕ್ಕಲ್ಲೆಲ್ಲ ಅವರ ವಿಷಯ ಓದುತ್ತ ಬಂದಿದ್ದೇನೆ.

ಗೋಲ್ಡ್‌ಬರ್ಗರ್ ಹುಟ್ಟಿದ್ದು 1874ರ ಜುಲೈ 16ರಂದು, ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಒಂದು ಸಣ್ಣ ಊರಿನಲ್ಲಿ. ಈಗ ಆ ಊರು ಸ್ಲೊವಾಕಿಯಾ ದೇಶದಲ್ಲಿದೆ. ಯಹೂದಿ ಕುಟುಂಬ, ತಂದೆ ಕುರಿ ಸಾಕುತ್ತಿದ್ದವರು. ಕುರಿಹಿಂಡು ಕೈಬಿಟ್ಟ ಮೇಲೆ ಸಂಸಾರ ಹಡಗು ಹತ್ತಿ ನ್ಯೂಯಾರ್ಕ್ ಸೇರಿತು. ಬಡ ವಲಸಿಗರು ಕಿಕ್ಕಿರಿದಿದ್ದ ಬಡಾವಣೆಯಲ್ಲಿ ತಂದೆ ಒಂದು ಕಿರಾಣಿ ಅಂಗಡಿ ಇಟ್ಟರು. ಬಾಲಕ ಜೋಸೆಫ್ ಮನೆಮನೆಗೆ ಸಾಮಾನು ಹೊತ್ತು ಕೊಡುತ್ತಿದ್ದರು. ಯಾವ ಮನೆಯವರು ಏನು ಕೊಳ್ಳುತ್ತಾರೆ, ಯಾರು ಏನನ್ನು ಕೊಳ್ಳಲಾರರು ಎಂಬುದು ಅಂಗಡಿಯವನ ಮಗನಿಗೆ ಗೊತ್ತಿರುತ್ತದೆ. ಮುಂದೆ ಅವರು ಮಾಡಿದ ಕೆಲಸವನ್ನು ನೋಡಿದಾಗಲೆಲ್ಲ ನನಗೆ ಆ ಕಿರಾಣಿ ಅಂಗಡಿ ನೆನಪಾಗುತ್ತದೆ.

ಮೊದಲು ಎಂಜಿನಿಯರಿಂಗ್ ಓದಲು ಕಾಲೇಜು ಸೇರಿದರು. ಒಮ್ಮೆ ವೈದ್ಯಕೀಯ ಕಾಲೇಜಿನ ಉಪನ್ಯಾಸವೊಂದನ್ನು ಕೇಳಿ ಮನಸ್ಸು ಬದಲಾಯಿಸಿ, 1895ರಲ್ಲಿ ಬೆಲ್‌ವ್ಯೂ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದರು. ಸ್ವಂತ ದವಾಖಾನೆ ಹಿಡಿಸಲಿಲ್ಲ. 1899ರಲ್ಲಿ ಸರಕಾರಿ ಆರೋಗ್ಯ ಸೇವೆಗೆ ಸೇರಿ, ಬಂದರಿನಲ್ಲಿ ಹಡಗಿನಿಂದ ಇಳಿಯುವ ವಲಸಿಗರನ್ನು ಪರೀಕ್ಷಿಸುವ ಕೆಲಸದಿಂದ ಆರಂಭಿಸಿದರು. ಸಾಂಕ್ರಾಮಿಕ ರೋಗ ಎಲ್ಲಿ ಎದ್ದರೂ ಅವರನ್ನು ಕಳಿಸುತ್ತಿದ್ದರು. ಹಳದಿ ಜ್ವರ, ಡೆಂಗಿ, ಟೈಫಸ್ ಮೂರೂ ಕೆಲಸದ ನಡುವೆ ಅವರಿಗೇ ಅಂಟಿದ್ದವು. ಮೂರರಿಂದಲೂ ಬದುಕಿ ಬಂದರು. 1909ರಲ್ಲಿ ಫಿಲಡೆಲ್ಫಿಯಾದಲ್ಲಿ ಒಂದು ವಿಚಿತ್ರ ತುರಿಕೆ ಹರಡಿದಾಗ, ಹುಲ್ಲಿನ ಹಾಸಿಗೆಯ ಮೇಲೆ ಅನುಮಾನ ಬಂದು, ತಮ್ಮ ತೋಳನ್ನೇ ಹಾಸಿಗೆಗಳ ನಡುವೆ ಇಟ್ಟು ನೋಡಿದರು. ತೋಳಿಗೆ ತುರಿಕೆ ಎದ್ದಿತು. ಹುಲ್ಲಿನೊಳಗಿದ್ದ ಕಣ್ಣಿಗೆ ಕಾಣದಂಥ ಸಣ್ಣ ನುಸಿ ಸಿಕ್ಕಿಬಿತ್ತು.

ಇನ್ನು ಪೆಲ್ಲಾಗ್ರದ ವಿಷಯ. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಬಡ ರೈತರಲ್ಲಿ ಈ ರೋಗವನ್ನು ಗುರುತಿಸಿದ್ದರು. ಒರಟು ಚರ್ಮ ಎಂಬ ಅರ್ಥದ ಇಟಲಿಯ ಮಾತೇ ರೋಗದ ಹೆಸರಾಯಿತು. ಗೋವಿನಜೋಳ ತಿನ್ನುವ ಬಡವರಲ್ಲಿ ಇದು ಹೆಚ್ಚು ಎಂಬುದು ಯುರೋಪಿಗೆ ಮೊದಲೇ ಗೊತ್ತಿತ್ತು. ಬೂಸಲು ಹಿಡಿದ ಜೋಳದ ವಿಷವೇ ಕಾರಣ ಎಂದು ಬಹಳ ಮಂದಿ ನಂಬಿದ್ದರು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 1906-07ರ ಸುಮಾರಿಗೆ ರೋಗ ಒಮ್ಮೆಲೇ ಕಣ್ಣಿಗೆ ಬಿತ್ತು. ಮುಂದಿನ ಕೆಲವು ದಶಕಗಳಲ್ಲಿ ಅಲ್ಲಿ ಸುಮಾರು 30 ಲಕ್ಷ ಜನರಿಗೆ ತಗಲಿ, ಒಂದು ಲಕ್ಷದಷ್ಟು ಮಂದಿ ಸತ್ತರೆಂದು ಅಂದಾಜು. ಜನ ಹೆದರಿದರು. ಕೆಲವು ಆಸ್ಪತ್ರೆಗಳು ಈ ರೋಗಿಗಳನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. ನಮ್ಮ ಓಣಿಯ ಬಾವಿಕಟ್ಟೆಯ ನ್ಯಾಯವೇ ಅಲ್ಲಿಯೂ ನಡೆಯಿತು.

ಅದಕ್ಕೆ ಆಧಾರವಿಲ್ಲದೆ ಇರಲಿಲ್ಲ ಎಂಬುದನ್ನು ಗಮನಿಸಬೇಕು. 1912ರಲ್ಲಿ ಥಾಂಪ್ಸನ್-ಮೆಕ್‌ಫ್ಯಾಡನ್ ಆಯೋಗ ಎಂಬ ತಜ್ಞರ ತಂಡ ದಕ್ಷಿಣ ಕೆರೊಲಿನಾದ ಹತ್ತಿ ಗಿರಣಿಗಳ ಊರುಗಳಲ್ಲಿ ಮನೆಮನೆ ತಿರುಗಿ ಲೆಕ್ಕ ಹಾಕಿತು. ರೋಗಿ ಇರುವ ಮನೆಯಲ್ಲಿ ಮತ್ತು ಅದರ ಅಕ್ಕಪಕ್ಕದಲ್ಲೇ ಹೊಸ ರೋಗಿಗಳು ಹೆಚ್ಚು, ಚರಂಡಿ ವ್ಯವಸ್ಥೆ ಇಲ್ಲದ ಕಡೆ ಹೆಚ್ಚು, ಆಹಾರಕ್ಕೂ ರೋಗಕ್ಕೂ ಸಂಬಂಧ ಕಾಣುವುದಿಲ್ಲ, ಆದ್ದರಿಂದ ಇದು ಅಂಟುರೋಗವಿರಬೇಕು ಎಂದು ವರದಿ ಕೊಟ್ಟಿತು. ಇನ್ನೊಬ್ಬ ಹೆಸರಾಂತ ವಿಜ್ಞಾನಿ ಚಾರ್ಲ್ಸ್ ಡೇವನ್‌ಪೋರ್ಟ್, ರೋಗ ಕೆಲವು ವಂಶಗಳಲ್ಲೇ ಕಾಣುವುದರಿಂದ ರಕ್ತದಲ್ಲೇ ದೋಷವಿದೆ ಎಂದು ವಾದಿಸಿದರು. ಇವರ‍್ಯಾರೂ ಸುಳ್ಳು ಹೇಳಿದವರಲ್ಲ. ಪಕ್ಕದ ಮನೆಯವರಿಗೂ ರೋಗ ಬಂದದ್ದು ನಿಜ, ತಾಯಿಗೂ ಮಗಳಿಗೂ ಬಂದದ್ದು ನಿಜ. ಆದರೆ ಗಿರಣಿಯೂರಿನಲ್ಲಿ ಪಕ್ಕದ ಮನೆಯವರಿಗೂ ಅದೇ ಕೂಲಿ, ಅದೇ ಅಂಗಡಿ, ಅದೇ ಹಿಟ್ಟು. ತಾಯಿ ಮಗಳು ಉಣ್ಣುವುದೂ ಒಂದೇ ಗಡಿಗೆಯಿಂದ.

1914ರಲ್ಲಿ ಗೋಲ್ಡ್‌ಬರ್ಗರ್ ಅವರಿಗೆ ಈ ರೋಗದ ಹೊಣೆ ಬಂತು. ಅವರು ಮೊದಲು ಮಾಡಿದ್ದು ಸುಮ್ಮನೆ ನೋಡುವ ಕೆಲಸ. ಮಾನಸಿಕ ಆಸ್ಪತ್ರೆ, ಅನಾಥಾಲಯಗಳಲ್ಲಿ ಪೆಲ್ಲಾಗ್ರ ತುಂಬಿತ್ತು. ಆದರೆ ಅಲ್ಲಿ ಹಗಲೂ ರಾತ್ರಿ ರೋಗಿಗಳ ಜೊತೆಗೇ ಇರುವ ದಾದಿಯರಿಗೆ, ಕಾವಲಿನವರಿಗೆ ಬಂದಿರಲಿಲ್ಲ. ಅಂಟುರೋಗವಾದರೆ ಅದಕ್ಕೆ ನೌಕರ ಯಾರು, ರೋಗಿ ಯಾರು ಎಂದು ಹೇಗೆ ಗೊತ್ತಾಗುತ್ತದೆ? ಇಬ್ಬರಿಗೂ ಒಂದೇ ಊಟ ಎಂದು ಅಧಿಕಾರಿಗಳು ಹೇಳಿದರು. ಗೋಲ್ಡ್‌ಬರ್ಗರ್ ಹೋಗಿ ಊಟದ ಸಾಲನ್ನೇ ನೋಡಿದರು. ಕಾಗದದ ಮೇಲೆ ಊಟ ಒಂದೇ ಇದ್ದರೂ ಒಳ್ಳೆಯದನ್ನು ಆರಿಸಿಕೊಳ್ಳುವ ಅವಕಾಶ ನೌಕರರಿಗಿತ್ತು, ಹೊರಗಿನಿಂದ ತಂದು ತಿನ್ನುವ ಅನುಕೂಲವೂ ಇತ್ತು. ಅನಾಥಾಲಯಗಳಲ್ಲಿ ತೀರ ಚಿಕ್ಕ ಮಕ್ಕಳಿಗೆ ಹಾಲು ಸಿಗುತ್ತಿತ್ತು, ದುಡಿಯುವ ದೊಡ್ಡ ಹುಡುಗರಿಗೆ ಮಾಂಸ ಸಿಗುತ್ತಿತ್ತು. ನಡುವಿನ ವಯಸ್ಸಿನ ಮಕ್ಕಳಿಗೆ ಎರಡೂ ಇಲ್ಲ. ರೋಗ ಬಂದದ್ದು ಆ ಮಕ್ಕಳಿಗೇ.

ಮಿಸಿಸಿಪ್ಪಿಯ ಜಾಕ್ಸನ್ ನಗರದ ಎರಡು ಅನಾಥಾಲಯಗಳಲ್ಲಿ ಸರಕಾರದ ಖರ್ಚಿನಿಂದ ಹಾಲು, ಮೊಟ್ಟೆ, ಮಾಂಸ, ಬೇಳೆಕಾಳು ಕೊಡಿಸಿದರು. ಬೇರೇನನ್ನೂ ಬದಲಿಸಲಿಲ್ಲ, ಕೋಣೆ, ಬಾವಿ, ಕಕ್ಕಸು ಇದ್ದಂತೆಯೇ ಇದ್ದವು. ಮರುವರ್ಷ ರೋಗ ಹೆಚ್ಚುಕಡಿಮೆ ಕಾಣೆಯಾಯಿತು. ಜಾರ್ಜಿಯಾದ ಮಾನಸಿಕ ಆಸ್ಪತ್ರೆಯಲ್ಲಿ ಆಯ್ದ ವಾರ್ಡುಗಳಿಗೆ ಒಳ್ಳೆಯ ಊಟ ಕೊಟ್ಟರು, ಬೇರೆ ರೋಗಿಗಳಿಗೆ ಹಳೆಯ ಊಟವೇ ನಡೆಯಿತು. ಊಟ ಬದಲಾದ ಕಡೆ ರೋಗ ಮರಳಲಿಲ್ಲ. ಬದಲಾಗದ ಕಡೆ ಸುಮಾರು ಅರ್ಧದಷ್ಟು ಮಂದಿಗೆ ಮತ್ತೆ ಬಂತು.

ಇಷ್ಟಕ್ಕೆ ಎಲ್ಲರೂ ಒಪ್ಪಬೇಕಿತ್ತು, ಒಪ್ಪಲಿಲ್ಲ. ಊಟದಿಂದ ರೋಗ ಹೋಗುತ್ತದೆ ಎಂದರೆ ಊಟದ ಕೊರತೆಯಿಂದಲೇ ಬರುತ್ತದೆ ಎಂದು ಹೇಳಲಾಗದು ಎಂದು ಕೆಲವರು ವಾದಿಸಿದರು. ಹಾಗಾದರೆ ಊಟದಿಂದಲೇ ರೋಗ ಬರಿಸಿ ತೋರಿಸಬೇಕು. 1915ರಲ್ಲಿ ಮಿಸಿಸಿಪ್ಪಿಯ ರ‍್ಯಾಂಕಿನ್ ಜೈಲಿನ ತೋಟದಲ್ಲಿ 12 ಕೈದಿಗಳು ತಾವಾಗಿ ಮುಂದೆ ಬಂದರು. ಪ್ರಯೋಗ ಮುಗಿದ ಮೇಲೆ ಬಿಡುಗಡೆ ಮಾಡುವುದಾಗಿ ಗವರ್ನರ್ ಅರ್ಲ್ ಬ್ರೂವರ್ ಮಾತು ಕೊಟ್ಟಿದ್ದರು. ಏಪ್ರಿಲ್‌ನಿಂದ ಅಕ್ಟೋಬರ್ ಕೊನೆಯವರೆಗೆ ಅವರಿಗೆ ಗೋವಿನಜೋಳದ ರೊಟ್ಟಿ, ನುಚ್ಚು, ಅನ್ನ, ಗೆಣಸು, ಸೊಪ್ಪು, ಕಬ್ಬಿನ ಪಾಕ ಮಾತ್ರ. ಹೊಟ್ಟೆ ತುಂಬ ಊಟ; ಹಾಲಿಲ್ಲ, ಮೊಟ್ಟೆಯಿಲ್ಲ, ಮಾಂಸವಿಲ್ಲ. ಇರುವ ಜಾಗ ಉಳಿದ ಕೈದಿಗಳದ್ದಕ್ಕಿಂತ ಚೊಕ್ಕಟ. ಒಬ್ಬರನ್ನು ಬೇರೆ ಕಾಯಿಲೆಯ ಕಾರಣ ನಡುವೆ ಬಿಡಬೇಕಾಯಿತು. ಉಳಿದ 11 ಜನರಲ್ಲಿ ಆರು ಜನರಿಗೆ ಪೆಲ್ಲಾಗ್ರ ಬಂತು. ತಮ್ಮ ಕಣ್ಣನ್ನೇ ನಂಬದೆ ಹೊರಗಿನ ಚರ್ಮರೋಗ ತಜ್ಞರನ್ನು ಕರೆಸಿ ಗೋಲ್ಡ್‌ಬರ್ಗರ್ ಅದನ್ನು ಖಚಿತ ಮಾಡಿಸಿದರು. ಅದೇ ತೋಟದ ಉಳಿದ ಕೈದಿಗಳಲ್ಲಿ ಒಬ್ಬರಿಗೂ ಬರಲಿಲ್ಲ.

ಈ ಭಾಗವನ್ನು ಓದುವಾಗಲೆಲ್ಲ ನನಗೆ ಮನಸ್ಸು ಕಸಿವಿಸಿಯಾಗುತ್ತದೆ. ಜೈಲಿನಲ್ಲಿರುವವನಿಗೆ ಬಿಡುಗಡೆಯ ಆಸೆ ತೋರಿಸಿ ಪಡೆದ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ? ಇಂದು ಇಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡುವುದಿಲ್ಲ. ಗೋಲ್ಡ್‌ಬರ್ಗರ್ ದೊಡ್ಡವರು ಎಂಬ ಕಾರಣಕ್ಕೆ ಇದನ್ನು ಮುಚ್ಚಿಡಬಾರದು.

ಆದರೆ ಅವರು ತಮ್ಮನ್ನೂ ಬಿಟ್ಟುಕೊಂಡವರಲ್ಲ. ಕೈದಿಗಳ ಪ್ರಯೋಗವಾದ ಮೇಲೂ ಅಂಟುರೋಗದ ವಾದ ನಿಲ್ಲಲಿಲ್ಲ. 1916ರ ಏಪ್ರಿಲ್‌ನಲ್ಲಿ ಅವರೂ ಅವರ ಸಹಾಯಕ ಡಾ. ವೀಲರ್ ಅವರೂ ಪೆಲ್ಲಾಗ್ರ ರೋಗಿಯ ರಕ್ತವನ್ನು ತಮಗೆ ಚುಚ್ಚಿಕೊಂಡರು. ರೋಗಿಯ ಮೂಗು ಗಂಟಲಿನ ದ್ರವವನ್ನು ತಮ್ಮ ಮೂಗು ಗಂಟಲಿಗೆ ಹಚ್ಚಿಕೊಂಡರು. ಚರ್ಮದ ಹೊಟ್ಟು, ಮಲ, ಮೂತ್ರಗಳನ್ನು ಹಿಟ್ಟಿನಲ್ಲಿ ಕಲಸಿ ಗುಳಿಗೆ ಮಾಡಿ ನುಂಗಿದರು. ಬೇರೆ ಬೇರೆ ಊರುಗಳಲ್ಲಿ ಒಟ್ಟು 16 ಜನ ಇದರಲ್ಲಿ ಸೇರಿದರು. ಅವರಲ್ಲಿ ಒಬ್ಬರೇ ಹೆಣ್ಣುಮಗಳು, ಗೋಲ್ಡ್‌ಬರ್ಗರ್ ಅವರ ಹೆಂಡತಿ ಮೇರಿ. ಆಕೆಗೆ ಗುಳಿಗೆ ಕೊಡಲು ಗಂಡಸರು ಒಪ್ಪಲಿಲ್ಲ, ರಕ್ತ ಚುಚ್ಚಿದರು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದವು. ಗಂಡ ಹೇಳುತ್ತಿರುವುದು ಸರಿ ಎಂಬ ನಂಬಿಕೆ ಎಷ್ಟಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹದಿನಾರು ಜನರಲ್ಲಿ ಯಾರಿಗೂ ಪೆಲ್ಲಾಗ್ರ ಬರಲಿಲ್ಲ.

ಅವರ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಇದಾದ ಮೇಲಿನ ಭಾಗ. ಅದೇ ವರ್ಷ ಎಡ್ಗರ್ ಸೈಡನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞರನ್ನು ಜೊತೆಗೆ ಸೇರಿಸಿಕೊಂಡು, ದಕ್ಷಿಣ ಕೆರೊಲಿನಾದ ಏಳು ಗಿರಣಿಯೂರುಗಳ 700ಕ್ಕೂ ಹೆಚ್ಚು ಮನೆಗಳನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಹಿಂದಿನ ಆಯೋಗದವರು ಯಾವ ಪದಾರ್ಥವನ್ನು ಎಷ್ಟು ಸಲ ತಿನ್ನುತ್ತೀರಿ ಎಂದು ಬಾಯಿಮಾತಿನಲ್ಲಿ ಕೇಳಿದ್ದರು. ಇವರು ಹದಿನೈದು ದಿನಗಳ ಅವಧಿಯಲ್ಲಿ ಪ್ರತಿ ಮನೆ ಕೊಂಡ ಸಾಮಾನಿನ ಲೆಕ್ಕ ತೆಗೆದರು, ಅದೂ ರೋಗ ಏಳುವುದಕ್ಕೆ ಮುಂಚಿನ ದಿನಗಳದ್ದು. ರೋಗಿಗಳು ದವಾಖಾನೆಗೆ ಬರಲಿ ಎಂದು ಕಾಯದೆ ಹದಿನೈದು ದಿನಕ್ಕೊಮ್ಮೆ ಮನೆಗೆ ಹೋಗಿ ನೋಡಿದರು. ಮನೆಯ ಆದಾಯ, ಉಣ್ಣುವ ಬಾಯಿಗಳ ಸಂಖ್ಯೆ, ಕಕ್ಕಸಿನ ಸ್ಥಿತಿ ಎಲ್ಲ ಬರೆದುಕೊಂಡರು.

ಆರೋಗ್ಯ ಸಹಾಯಕಿಯಾಗಿ ಈ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು. ಬಸುರಿ ಹೆಣ್ಣುಮಗಳನ್ನು ಏನು ಉಣ್ಣುತ್ತೀಯವ್ವಾ ಎಂದು ಕೇಳಿದರೆ, ಎಲ್ಲಾ ಉಣ್ಣುತ್ತೇನೆ ಎಂದೇ ಹೇಳುತ್ತಾಳೆ. ಅತ್ತೆ ಎದುರಿಗೆ ಕುಳಿತಿರುತ್ತಾಳೆ, ಬೇರೇನು ಹೇಳಿಯಾಳು? ಒಲೆಯ ಬಳಿ ಹೋಗಿ ಗಡಿಗೆಯ ಮುಚ್ಚಳ ತೆಗೆದರೆ ರೊಟ್ಟಿ ಮತ್ತು ಖಾರ. ಕೇಳಿ ಬರೆದ ಲೆಕ್ಕ ಒಂದು, ಮುಚ್ಚಳ ತೆಗೆದು ಬರೆದ ಲೆಕ್ಕ ಇನ್ನೊಂದು.

ಗೋಲ್ಡ್‌ಬರ್ಗರ್ ಅವರ ಲೆಕ್ಕದಲ್ಲಿ ಆದಾಯ ಏರಿದಂತೆ ರೋಗ ಇಳಿಯುತ್ತ ಹೋಗಿತ್ತು. ಕಕ್ಕಸಿನ ಸ್ಥಿತಿಗೂ ರೋಗಕ್ಕೂ ನಿಲ್ಲುವಂಥ ಸಂಬಂಧ ಕಾಣಲಿಲ್ಲ. ಆದಾಯ ಒಂದೇ ಇದ್ದರೂ ಒಂದೂರಿನಲ್ಲಿ ರೋಗ ಬಹಳ, ಇನ್ನೊಂದೂರಿನಲ್ಲಿ ಇಲ್ಲವೇ ಇಲ್ಲ. ರೋಗವಿಲ್ಲದ ಊರಿಗೆ ಸುತ್ತಲಿನ ರೈತರು ತಾಜಾ ಮಾಂಸ, ತರಕಾರಿ ತಂದು ಮಾರುತ್ತಿದ್ದರು. ರೋಗವಿದ್ದ ಊರಿನ ಸುತ್ತ ಬರೀ ಹತ್ತಿಯ ಹೊಲ. ಹತ್ತಿ ಬೆಳೆಯುವ ಪಾಲಿನ ರೈತ ಮನೆಬಾಗಿಲವರೆಗೆ ಹತ್ತಿ ಹಾಕಿ, ಸಾಲದ ಅಂಗಡಿಯಿಂದ ಜೋಳದ ಹಿಟ್ಟು, ಹಂದಿಯ ಕೊಬ್ಬು, ಕಾಕಂಬಿ ತಂದು ಉಣ್ಣುತ್ತಿದ್ದ. ರೋಗದ ಬೇರು ಬಡತನದಲ್ಲಿದೆ ಎಂದು ಗೋಲ್ಡ್‌ಬರ್ಗರ್ ಹೇಳಿದಾಗ ದಕ್ಷಿಣದ ರಾಜಕಾರಣಿಗಳು ತಮ್ಮ ನಾಡಿಗೆ ಅವಮಾನವಾಯಿತೆಂದು ಸಿಟ್ಟಾದರು. ಕ್ರಿಮಿಯನ್ನು ಬೈದರೆ ಯಾರಿಗೂ ನೋವಿಲ್ಲ, ಕೂಲಿಯ ಲೆಕ್ಕ ಕೇಳಿದರೆ ಎಲ್ಲರಿಗೂ ನೋವು.

ಕೊನೆಯ ವರ್ಷಗಳಲ್ಲಿ ನಾಯಿಗಳಲ್ಲಿ ಬರುವ ಕಪ್ಪು ನಾಲಿಗೆ ರೋಗ ಪೆಲ್ಲಾಗ್ರದಂಥದ್ದೇ ಎಂದು ಗುರುತಿಸಿ, ಅಗ್ಗದ ಯೀಸ್ಟ್ ಎರಡನ್ನೂ ತಡೆಯುತ್ತದೆ ಎಂದು ಕಂಡುಕೊಂಡರು. 1927ರಲ್ಲಿ ಮಿಸಿಸಿಪ್ಪಿ ನದಿ ಉಕ್ಕಿ ಸಾವಿರಾರು ಬಡವರು ಬೀದಿಪಾಲಾದಾಗ ರೆಡ್ ಕ್ರಾಸ್ ಅವರ ಮಾತಿನಂತೆ ಯೀಸ್ಟ್ ಹಂಚಿತು. ಯೀಸ್ಟಿನಲ್ಲಿರುವ ಆ ವಸ್ತು ಯಾವುದು ಎಂಬುದು ಮಾತ್ರ ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. 1929ರ ಜನವರಿ 17ರಂದು ಮೂತ್ರಪಿಂಡದ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಅವರಿಗೆ 54 ವರ್ಷ. ಅವರ ಬೂದಿಯನ್ನು ಪೊಟೊಮ್ಯಾಕ್ ನದಿಯಲ್ಲಿ ಬಿಟ್ಟರು.

1937ರಲ್ಲಿ ವಿಸ್ಕಾನ್ಸಿನ್ನಿನ ಕಾನ್ರಾಡ್ ಎಲ್ವೆಜೆಮ್ ಅವರು ನಿಕೋಟಿನಿಕ್ ಆಮ್ಲದಿಂದ ನಾಯಿಯ ಕಪ್ಪು ನಾಲಿಗೆ ವಾಸಿಯಾಗುವುದನ್ನು ತೋರಿಸಿದರು. ನಾನು ಬಾಯಿಪಾಠ ಮಾಡಿದ ಕೋಷ್ಟಕದ ನಯಾಸಿನ್ ಅದೇ. ಆದರೂ ಒಂದು ಒಗಟು ಉಳಿಯಿತು. ಹಾಲಿನಲ್ಲಿ ನಯಾಸಿನ್ ಬಹಳ ಕಡಿಮೆ; ಅದು ಹೇಗೆ ಪೆಲ್ಲಾಗ್ರವನ್ನು ತಡೆಯಿತು? ಹಾಲು, ಮೊಟ್ಟೆ, ಮಾಂಸದ ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನ್‌ನಿಂದ ದೇಹ ತಾನೇ ನಯಾಸಿನ್ ಮಾಡಿಕೊಳ್ಳುತ್ತದೆ ಎಂಬುದು 1940ರ ದಶಕದಲ್ಲಿ ತಿಳಿಯಿತು. ಇಂಥ ಅಮೈನೊ ಆಮ್ಲದ ಕೊರತೆ ಇರಬಹುದೆಂದು ಗೋಲ್ಡ್‌ಬರ್ಗರ್ ಮೊದಲೇ ಊಹಿಸಿದ್ದರು. ಗೋವಿನಜೋಳದಲ್ಲಿ ನಯಾಸಿನ್ ಇದ್ದರೂ ದೇಹಕ್ಕೆ ದಕ್ಕದಂತೆ ಕಟ್ಟಿಕೊಂಡಿರುತ್ತದೆ. ಮೆಕ್ಸಿಕೋದ ಹೆಣ್ಣುಮಕ್ಕಳು ತಲೆತಲಾಂತರದಿಂದ ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದರು. ಹಾಗೆ ಬೇಯಿಸಿದರೆ ಕಟ್ಟು ಬಿಚ್ಚುತ್ತದೆ.

ನಮ್ಮ ಕಡೆಯ ಬಿಳಿಜೋಳದ ಮಾತು ಬೇರೆ. ದಖ್ಖನಿನ ಬಡ ಜೋಳದೂಟದವರಲ್ಲಿ ಪೆಲ್ಲಾಗ್ರ ಇರುವುದನ್ನು ಡಾ. ಸಿ. ಗೋಪಾಲನ್ ಮತ್ತು ಡಾ. ಶ್ರೀಕಂಟಿಯಾ ಅವರು 1960ರಲ್ಲಿ ಜಗತ್ತಿನ ಗಮನಕ್ಕೆ ತಂದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶ ಇದಕ್ಕೆ ಕಾರಣವಿರಬಹುದು ಎಂಬುದು ಅವರ ವಾದ. ಅದನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ, ಚರ್ಚೆ ಮುಗಿದಿಲ್ಲ. ಹಾಗೆಂದು ಯಾರೂ ರೊಟ್ಟಿ ಬಿಡಬೇಕಾಗಿಲ್ಲ. ರೊಟ್ಟಿಯ ಜೊತೆ ಬೇಳೆ, ಶೇಂಗಾ, ಹಾಲು, ಮೊಟ್ಟೆ ಇದ್ದವರಿಗೆ ಈ ರೋಗದ ಭಯವಿಲ್ಲ. ರೋಗ ಬಂದದ್ದು ಜೊತೆಗೆ ಏನೂ ಇಲ್ಲದವರಿಗೆ.

ಹಾಗಾದರೆ ನಮ್ಮ ಚಿಗವ್ವನಿಗೆ ಇದ್ದದ್ದು ಪೆಲ್ಲಾಗ್ರವೇ? ಹೌದು ಎಂದು ಬರೆಯಲು ಕೈ ತುಡಿಯುತ್ತದೆ. ಆದರೆ ಆಕೆಯನ್ನು ಯಾವ ವೈದ್ಯರೂ ನೋಡಲಿಲ್ಲ, ನನ್ನ ನೆನಪು ಹದಿನೈದು ವರ್ಷದ ಹುಡುಗಿಯ ನೆನಪು, ಅದಕ್ಕೆ ಆಮೇಲೆ ನೋಡಿದ ಚಿತ್ರದ ಬಣ್ಣವೂ ಸೇರಿರಬಹುದು. ಗೋಲ್ಡ್‌ಬರ್ಗರ್ ಅವರ ಕಥೆ ಹೇಳಿ, ಕೊನೆಗೆ ಪುರಾವೆಯಿಲ್ಲದ ಮಾತು ಬರೆದರೆ ಅವರಿಗೆ ಅಪಚಾರ. ಗೊತ್ತಿರುವುದು ಇಷ್ಟು: ಅಂಟುಜಾಡ್ಯ ಎಂದ ನಮಗೂ ಪುರಾವೆ ಇರಲಿಲ್ಲ. ಆಕೆಯ ಮೂವರು ಮಕ್ಕಳು ಆಕೆಯ ಪಕ್ಕದಲ್ಲೇ ಮಲಗಿ ಬೆಳೆದರು, ಅವರಲ್ಲಿ ಒಬ್ಬರಿಗೂ ಚರ್ಮ ಸುಲಿಯಲಿಲ್ಲ. ಅದು ಇಡೀ ಓಣಿಯ ಕಣ್ಣೆದುರಿಗೇ ಇತ್ತು. ತನ್ನ ಪಾಲಿನ ಮಜ್ಜಿಗೆಯನ್ನೂ ಬೇಳೆಯನ್ನೂ ಆಕೆ ಆ ಮಕ್ಕಳ ತಾಟಿಗೇ ಹಾಕುತ್ತಿದ್ದಳು ಎಂದು ನನ್ನ ಅವ್ವ ಎಷ್ಟೋ ವರ್ಷಗಳ ಮೇಲೆ ಹೇಳಿದಳು. ಆಗ ಕೇಳಿದ್ದರೆ ಆಗಲೇ ಹೇಳುತ್ತಿದ್ದಳೇನೋ. ನಾವು ಯಾರೂ ಕೇಳಲಿಲ್ಲ.

ಕಳೆದ ತಿಂಗಳು ಮಹೋತ್ಸವ ಸಮಿತಿಯ ಸಭೆಗೆ ಶಾಲೆಗೆ ಬಂದಿದ್ದೆ. ಬೆಳಗಿನ ಹೊತ್ತು, ಮಕ್ಕಳು ಸಾಲಾಗಿ ನಿಂತು ಹಾಲಿನ ಲೋಟ ಹಿಡಿದಿದ್ದರು. ಬಿಸಿಯೂಟದ ಅಕ್ಕ ಕೊನೆಯ ಹುಡುಗಿಯ ಲೋಟಕ್ಕೂ ಮೊದಲಿನವಳಷ್ಟೇ ಸುರಿದಳು. ನಾನು ಕಟ್ಟೆಯ ಮೇಲೆ ಕುಳಿತು ಸಾಲು ಮುಗಿಯುವವರೆಗೂ ನೋಡಿದೆ. ಒಳಗೆ ತರಗತಿಯ ಹಲಗೆಯ ಮೇಲೆ ಅದೇ ಕೋಷ್ಟಕ ಇತ್ತು. ಈ ಸಲ ಅದನ್ನು ಬಾಯಿಪಾಠ ಮಾಡುವ ಮಕ್ಕಳಿಗೆ ನನ್ನದೊಂದು ವಿನಂತಿ. ಐದನೆಯ ಸಾಲಿಗೆ ಬಂದಾಗ ಒಂದು ಕ್ಷಣ ನಿಲ್ಲಿರಿ. ಸಂಜೆ ಮನೆಗೆ ಹೋಗುವಾಗ ನಿಮ್ಮ ಓಣಿಯನ್ನೊಮ್ಮೆ ನೋಡಿರಿ.